ಅಮ್ಮನದೊಂದು ಒಳ್ಳೆಯ ಫೋಟೋ ತೆಗೆಯೋಣ ಬನ್ನಿ

ನಮ್ಮೂರಿನ ಮನೆಯ ನಡುಮನೆಯಲ್ಲಿ ಅಪ್ಪನ ಫೋಟೋ ಇದೆ. ಅದಕ್ಕೊಂದು ಗಂಧದ ಹಾರ, ಕೆಳಗೊಂದು ಪುಟ್ಟ ದೀಪ. ನೋಡಿದವರೆಲ್ಲ "ಯಾಕೋ ನಿಮ್ಮಪ್ಪ ಇಷ್ಟು ಸಿಟ್ಟಾಗಿದ್ದಾರೆ?" ಎಂದು ಕೇಳುತ್ತಾರೆ. ಅಪ್ಪನಿಗೆ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಅದು ಯಾವುದೋ ಗುರುತಿನ ಚೀಟಿಗೆಂದು ಅರ್ಧ ನಿಮಿಷದಲ್ಲಿ ತೆಗೆಸಿದ ಫೋಟೋ. ಅವರು ತೀರಿಕೊಂಡ ದಿನ ಫ್ರೇಮು ಹಾಕುವವನು "ಒಂದು ಒಳ್ಳೆ ಫೋಟೋ ಕೊಡಿ" ಎಂದಾಗ ಮನೆಯ ಆಲ್ಬಮ್ಮುಗಳನ್ನೆಲ್ಲ ತಿರುವಿ ಹಾಕಿದೆವು. ಮದುವೆ, ಮುಂಜಿಗಳ ಫೋಟೋಗಳಲ್ಲಿ ಅಪ್ಪ ಯಾವಾಗಲೂ ಹಿಂದೆ, ಬಡಿಸುವವರ ಸಾಲಿನಲ್ಲಿ. ಕೊನೆಗೆ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು.

ನಿಜ ಹೇಳಬೇಕೆಂದರೆ ಅಪ್ಪ ಒಮ್ಮೆ ದೋಹಾಕ್ಕೆ ಬಂದಿದ್ದರು. ಎರಡು ತಿಂಗಳು ನಮ್ಮ ಜೊತೆಯಲ್ಲೇ ಇದ್ದರು. ಕಾರ್ನಿಶ್‌ನಲ್ಲಿ ನಿಲ್ಲಿಸಿ ಹದಿನೇಳು ಫೋಟೋ ತೆಗೆದಿದ್ದೆ. ಅವುಗಳಲ್ಲಿ ಹಿಂದಿನ ಕಟ್ಟಡಗಳ ಒಂದೊಂದು ಕಿಟಕಿಯೂ ಕಾಣುತ್ತಿತ್ತು. ಅಪ್ಪನ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಅವರ ಹಿಂದೆ ಬೆಳ್ಳಗೆ ಹೊಳೆಯುವ ಆಕಾಶವಿತ್ತು; ಮುಖ ಇದ್ದಲಿನಂತೆ ಕಪ್ಪಾಗಿತ್ತು. ಕ್ಯಾಮೆರಾ ಒಳ್ಳೆಯದೇ ಆಗಿತ್ತು. ತಪ್ಪು ತೆಗೆದವನದು.

ಆಮೇಲೆ ಹಟ ಹಿಡಿದು ಕಲಿತೆ. ಮುಂದೊಂದು ಚಳಿಗಾಲದಲ್ಲಿ ಅಮ್ಮ ಬಂದಾಗ ಒಂದೇ ಒಂದು ಒಳ್ಳೆಯ ಭಾವಚಿತ್ರ ತೆಗೆಯಬೇಕೆಂದು ಸಂಕಲ್ಪ ಮಾಡಿದೆ. ಆ ಕಲಿಕೆಯ ಸಾರವನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ. ನಾನು ವೃತ್ತಿಪರ ಛಾಯಾಗ್ರಾಹಕನಲ್ಲ. ಇಲ್ಲಿ ಹೇಳುವುದಕ್ಕೆ ದುಬಾರಿ ಸಲಕರಣೆಯೂ ಬೇಕಿಲ್ಲ. ಒಂದು ಕಿಟಕಿ, ಒಂದು ಬಿಳಿ ಪಂಚೆ, ಕೈಯಲ್ಲಿರುವ ಮೊಬೈಲು ಅಥವಾ ಕ್ಯಾಮೆರಾ, ಜೊತೆಗೆ ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ದೋಹಾದ ಸೂರ್ಯನನ್ನು ಅರಿಯಿರಿ

"ಬೆಳಕು ಜಾಸ್ತಿ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ" ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಹಾಗಿದ್ದರೆ ಕತಾರಿನಷ್ಟು ಒಳ್ಳೆಯ ಫೋಟೋ ಜಗತ್ತಿನಲ್ಲಿ ಎಲ್ಲೂ ಬರಬಾರದಿತ್ತು! ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿಂದ ಬರುತ್ತಿದೆ, ಗಡುಸಾಗಿದೆಯೋ ಮೃದುವಾಗಿದೆಯೋ ಎನ್ನುವುದು ಮುಖ್ಯ.

ದೋಹಾ ಸುಮಾರು 25 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಜೂನ್ 21ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ 88 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ಆಗ ಬೆಳಕು ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಗಳ ಮೇಲೆ ಬೀಳುತ್ತದೆ. ಕಣ್ಣುಗುಳಿಗಳಲ್ಲಿ, ಮೂಗಿನ ಕೆಳಗೆ ಕಪ್ಪು ನೆರಳು ನಿಲ್ಲುತ್ತದೆ. ಎಂಥ ಸುಂದರಿಯೂ ಆ ಬೆಳಕಿನಲ್ಲಿ ನಾಲ್ಕು ದಿನ ನಿದ್ದೆಗೆಟ್ಟವಳಂತೆ ಕಾಣುತ್ತಾಳೆ. ಡಿಸೆಂಬರ್ 21ರ ಸುಮಾರಿಗೆ ಇದೇ ಸೂರ್ಯ ನಡುಮಧ್ಯಾಹ್ನವೂ 41 ಡಿಗ್ರಿಗಿಂತ ಮೇಲೇರುವುದಿಲ್ಲ. ಬೆಳಕು ಓರೆಯಾಗಿ, ಮೃದುವಾಗಿ ಬರುತ್ತದೆ. ಅಪ್ಪ ಅಮ್ಮಂದಿರು ಊರಿನಿಂದ ಬರುವುದೂ ಸಾಮಾನ್ಯವಾಗಿ ಇದೇ ದಿನಗಳಲ್ಲಿ. ನವೆಂಬರಿನಿಂದ ಫೆಬ್ರವರಿವರೆಗೆ ಇಲ್ಲಿ ಫೋಟೋ ತೆಗೆಯುವವರಿಗೆ ಸುಗ್ಗಿ ಎಂದರೆ ತಪ್ಪಾಗಲಾರದು.

ನವೆಂಬರ್, ಡಿಸೆಂಬರ್ ದಿನಗಳಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗಿರುತ್ತಾನೆ. ಆಫೀಸು ಮುಗಿಸಿ, ಟ್ರಾಫಿಕ್ ದಾಟಿ ಕಾರ್ನಿಶ್ ಸೇರುವಷ್ಟರಲ್ಲಿ ಒಳ್ಳೆಯ ಬೆಳಕು ಹೋಗಿಬಿಟ್ಟಿರುತ್ತದೆ. ಆದ್ದರಿಂದ ಶುಕ್ರವಾರವನ್ನೇ ಆರಿಸಿಕೊಳ್ಳಿ. ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತದ ಮುಂಚಿನ ಒಂದು ಗಂಟೆ ಪ್ರಶಸ್ತ ಸಮಯ.

ಇನ್ನು ದಿಕ್ಕಿನ ವಿಷಯ. ದೋಹಾ ಕೊಲ್ಲಿ ನಗರದ ಪೂರ್ವಕ್ಕಿದೆ. ಸೂರ್ಯ ಸಮುದ್ರದ ಕಡೆ ಹುಟ್ಟಿ ನಗರದ ಕಡೆ ಮುಳುಗುತ್ತಾನೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತವರ ಮುಖದ ಮೇಲೆ ಸಂಜೆಯ ಬೆಳಕು ಬೀಳುತ್ತದೆ. ಬೆಳಗ್ಗೆ ಅವರ ಮುಖ ನೆರಳಿನಲ್ಲಿರುತ್ತದೆ. ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯದ ಪಾರ್ಕಿನಲ್ಲಿ ನಿಂತು ವೆಸ್ಟ್ ಬೇ ಕಟ್ಟಡಗಳನ್ನು ಹಿನ್ನೆಲೆಯಾಗಿ ಇಟ್ಟುಕೊಳ್ಳುವುದಾದರೆ ಲೆಕ್ಕ ತಿರುಗುಮುರುಗು. ಅಲ್ಲಿ ಬೆಳಗಿನ ಹೊತ್ತೇ ಒಳ್ಳೆಯದು. ಅಪ್ಪನ ಫೋಟೋ ಕೆಟ್ಟದ್ದು ಈ ಸರಳ ಲೆಕ್ಕ ನನಗೆ ಗೊತ್ತಿಲ್ಲದೆ. ಹಿನ್ನೆಲೆ ನೋಡಿ ಅವರನ್ನು ನಿಲ್ಲಿಸಿದೆ, ಬೆಳಕು ನೋಡಿ ನಿಲ್ಲಿಸಲಿಲ್ಲ.

ಅನಿವಾರ್ಯವಾಗಿ ನಡುಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಬಿಸಿಲಿನಿಂದ ಪಾರಾಗಿ. ಸೂಕ್ ವಾಕಿಫ್‌ನ ಓಣಿಗಳ ಮಾಡು, ಮಸೀದಿಯ ಕಮಾನು, ಮರದ ನೆರಳು ಯಾವುದಾದರೂ ಆಗಬಹುದು. ನೆರಳಿನ ಅಂಚಿನಿಂದ ಎರಡು ಹೆಜ್ಜೆ ಒಳಗೆ, ಹೊರಗಿನ ಬೆಳಕಿನ ಕಡೆ ಮುಖ ಮಾಡಿ ನಿಲ್ಲಿಸಿ. ಎದುರಿನ ಬಿಸಿಲು ಬಿದ್ದ ಗೋಡೆ, ನೆಲಗಳಿಂದ ಬರುವ ಪ್ರತಿಫಲಿತ ಬೆಳಕು ಮುಖವನ್ನು ಸಮನಾಗಿ ತುಂಬುತ್ತದೆ. ನಮ್ಮ ಊರಿನ ಹಳೆಯ ಮನೆಗಳ ಜಗಲಿಯ ಬೆಳಕು ಇದೇ ಅಲ್ಲವೇ?

ಕಿಟಕಿಯೇ ಸ್ಟುಡಿಯೋ

ಆದರೆ ನನ್ನ ಅನುಭವದಲ್ಲಿ ಅತಿ ಒಳ್ಳೆಯ ಸ್ಟುಡಿಯೋ ನಮ್ಮ ಫ್ಲಾಟಿನೊಳಗೇ ಇದೆ. ಅದೇ ಕಿಟಕಿ. ನೇರ ಬಿಸಿಲು ಬೀಳದ ಕಿಟಕಿ ಇದ್ದರೆ ಉತ್ತಮ. ಚಳಿಗಾಲದಲ್ಲಿ ಉತ್ತರದ ಕಡೆಯ ಕಿಟಕಿಗೆ ದಿನವಿಡೀ ನೇರ ಬಿಸಿಲು ಬರುವುದಿಲ್ಲ. ಬಿಸಿಲು ಬೀಳುವ ಕಿಟಕಿಯಾದರೆ ಅದಕ್ಕೊಂದು ತೆಳುವಾದ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ.

ಇದರ ಹಿಂದಿನ ವಿಜ್ಞಾನ ಬಹಳ ಸರಳ. ಬೆಳಕಿನ ಮೂಲ ನಮಗೆ ದೊಡ್ಡದಾಗಿ ಕಂಡಷ್ಟೂ ನೆರಳು ಮೃದು, ಸಣ್ಣದಾಗಿ ಕಂಡಷ್ಟೂ ನೆರಳು ಗಡುಸು. ಸೂರ್ಯ ಬಲು ದೊಡ್ಡವನೇ ಸರಿ. ಆದರೆ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಪಾಲಿಗೆ ಒಂದು ಸಣ್ಣ ಬಿಲ್ಲೆ ಮಾತ್ರ. ಅದೇ ಬಿಸಿಲು ಪಂಚೆಯ ಮೂಲಕ ಹಾದು ಬಂದರೆ ಇಡೀ ಪಂಚೆಯೇ ದೀಪವಾಗುತ್ತದೆ! ಸತ್ಯಜಿತ್ ರೇ ಅವರ ಛಾಯಾಗ್ರಾಹಕ ಸುಬ್ರತ ಮಿತ್ರ 1956ರ 'ಅಪರಾಜಿತೋ' ಚಿತ್ರಕ್ಕೆ ಮಾಡಿದ್ದೂ ಇದಕ್ಕೆ ಹತ್ತಿರದ ಕೆಲಸವೇ. ಕಾಶಿಯ ಮನೆಯ ಅಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳ ಬೆಳಕನ್ನು ಆ ಬಟ್ಟೆಗೆ ಹಾಯಿಸಿ, ಅಲ್ಲಿಂದ ಪ್ರತಿಫಲಿಸಿದ ಮೃದು ಬೆಳಕಿನಲ್ಲಿ ಚಿತ್ರೀಕರಿಸಿದರು.

ಈಗ ಅಮ್ಮನನ್ನು ಕಿಟಕಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿ. ಕಿಟಕಿ ಅವರ ಬೆನ್ನ ಹಿಂದೆಯೂ ಬೇಡ, ನೇರ ಎದುರಿಗೂ ಬೇಡ. ಒಂದು ಪಕ್ಕಕ್ಕೆ, ಸ್ವಲ್ಪ ಮುಂದೆ ಇರಲಿ. ನಂತರ ಮುಖವನ್ನು ನಿಧಾನವಾಗಿ ಕಿಟಕಿಯ ಕಡೆ ತಿರುಗಿಸಲು ಹೇಳುತ್ತಾ ಗಮನಿಸಿ. ಒಂದು ಹಂತದಲ್ಲಿ ಕಿಟಕಿಗೆ ದೂರದ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ ಬೆಳಕಿನ ಒಂದು ಪುಟ್ಟ ತ್ರಿಕೋನ ಮೂಡುತ್ತದೆ. ಇದಕ್ಕೆ ರೆಂಬ್ರಾಂಟ್ ಬೆಳಕು ಎಂದು ಹೆಸರು. 1606ರಿಂದ 1669ರವರೆಗೆ ಬದುಕಿದ್ದ ಈ ಡಚ್ ಚಿತ್ರಕಾರನ ಭಾವಚಿತ್ರಗಳಲ್ಲಿ ಇಂಥ ಬೆಳಕನ್ನು ಕಾಣಬಹುದು. ಮುಖಕ್ಕೆ ಗಾಂಭೀರ್ಯ, ತುಂಬುತನ ಕೊಡುವ ಬೆಳಕಿದು.

ಆಚೆ ಕೆನ್ನೆ ತೀರಾ ಕತ್ತಲಾಯಿತೇ? ಆ ಪಕ್ಕದಲ್ಲಿ, ಫ್ರೇಮಿನ ಹೊರಗೆ, ಒಂದು ಥರ್ಮಾಕೋಲ್ ಹಲಗೆಯನ್ನೋ ಬಿಳಿ ಬೆಡ್‌ಶೀಟನ್ನೋ ಮಗನ ಕೈಯಲ್ಲಿ ಹಿಡಿಸಿ. ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಕೋಣೆಯ ಟ್ಯೂಬ್‌ಲೈಟು, ಬಲ್ಬುಗಳನ್ನು ಮಾತ್ರ ಆರಿಸಿಬಿಡಿ. ಕಿಟಕಿಯ ಬೆಳಕಿನ ಬಣ್ಣವೇ ಬೇರೆ, ಬಲ್ಬಿನ ಬೆಳಕಿನ ಬಣ್ಣವೇ ಬೇರೆ. ಎರಡೂ ಸೇರಿದರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಅರಿಶಿನ!

ಇನ್ನೊಂದು ಮಾತು. ಕಿಟಕಿ ಸಣ್ಣದಾಗಿದ್ದರೆ ಹತ್ತಿರ ಕೂತಾಗ ಮತ್ತು ದೂರ ಕೂತಾಗ ಬೀಳುವ ಬೆಳಕಿನಲ್ಲಿ ಭಾರೀ ವ್ಯತ್ಯಾಸವಿರುತ್ತದೆ. ಸಣ್ಣ ದೀಪವೊಂದರಿಂದ ಇರುವ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಕಿಟಕಿಗೆ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಹೊಂದದಿದ್ದರೂ ದಾರಿ ಅದೇ. ಆದ್ದರಿಂದ ಕುರ್ಚಿಯನ್ನು ಒಂದಡಿ ಆಚೀಚೆ ಸರಿಸಿ ನೋಡುವುದರಲ್ಲಿ ಸೋಮಾರಿತನ ಬೇಡ.

ಮೈಸೂರಿನವರೊಬ್ಬರ ಬೆಳಕು

ಬೆಳಕಿನ ಮಾತು ಬಂದಾಗ ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಗುರುದತ್ತರ 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959) ಚಿತ್ರಗಳ ಛಾಯಾಗ್ರಾಹಕರು. 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಕಂಬದಂತೆ ಇಳಿಯುವ ಬೆಳಕಿನ ಕೋಲನ್ನು ನೋಡಿದವರು ಮರೆಯಲಾರರು. ಅದಕ್ಕೆ ಅವರು ಬಳಸಿದ್ದು ಭಾರೀ ದೀಪಗಳನ್ನಲ್ಲ, ಎರಡು ದೊಡ್ಡ ಕನ್ನಡಿಗಳನ್ನು. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದರು. 2008ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರಲ್ಲಿ ತೀರಿಕೊಂಡರು. ಅವರ ಕೆಲಸ ನಮಗೆ ಕಲಿಸುವ ಪಾಠ ಇಷ್ಟೇ: ಬೆಳಕನ್ನು ಕೊಂಡು ತರಬೇಕಾಗಿಲ್ಲ, ಇರುವ ಬೆಳಕನ್ನು ತಿರುಗಿಸಲು ಬಂದರೆ ಸಾಕು.

ಹಾಗೆಯೇ ನಮ್ಮ ಸಾಹಿತಿಗಳ ಮುಖಗಳನ್ನು ನಮಗೆ ಕಾಣಿಸಿಕೊಟ್ಟ ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಅವರನ್ನೂ ನೆನೆಯಬೇಕು. ಮುಕುಂದ ಅವರ 'ಮುಖಮುದ್ರೆ' ಪುಸ್ತಕ ಸಿಕ್ಕರೆ ಬಿಡುವಾಗಿ ನೋಡಿ. ಒಳ್ಳೆಯ ಭಾವಚಿತ್ರಗಳನ್ನು ನೋಡುವುದೂ ಕಲಿಕೆಯೇ.

ದೂರ ನಿಲ್ಲಿ, ಹತ್ತಿರ ತನ್ನಿ

"ಮೊಬೈಲಿನಲ್ಲಿ ನನ್ನ ಮೂಗು ಯಾಕೆ ಇಷ್ಟು ದಪ್ಪ ಕಾಣುತ್ತೆ?" ಎಂದು ಕೇಳದವರಿಲ್ಲ. ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದು. ಮುಖ ದೊಡ್ಡದಾಗಿ ಕಾಣಲೆಂದು ನಾವು ಒಂದೆರಡು ಅಡಿಯಷ್ಟು ಹತ್ತಿರ ಹೋಗುತ್ತೇವೆ. ಆಗ ಕ್ಯಾಮೆರಾಕ್ಕೆ ಮೂಗು ತೀರಾ ಹತ್ತಿರ, ಕಿವಿಗಳು ಹೋಲಿಕೆಯಲ್ಲಿ ದೂರ. ಹತ್ತಿರವಿದ್ದದ್ದು ಉಬ್ಬುತ್ತದೆ. ಇದಕ್ಕೆ ಪರಿಹಾರ ಐದಾರು ಅಡಿ ಹಿಂದೆ ಸರಿದು, ಮೊಬೈಲಿನಲ್ಲಿ ಎರಡು ಅಥವಾ ಮೂರು ಪಟ್ಟಿನ ಲೆನ್ಸು ಆರಿಸಿಕೊಳ್ಳುವುದು. ಕ್ಯಾಮೆರಾ ಇದ್ದವರು ಫುಲ್‌ಫ್ರೇಮ್ ಆದರೆ 85ರಿಂದ 105 ಮಿಲಿಮೀಟರ್ ಲೆನ್ಸು ಬಳಸಿ. ಸಣ್ಣ ಸೆನ್ಸರಿನ ಕ್ಯಾಮೆರಾಗಳಲ್ಲಿ ಅಗ್ಗದ 50 ಮಿಲಿಮೀಟರ್ ಲೆನ್ಸೇ 75 ಅಥವಾ 80ರಂತೆ ಕೆಲಸ ಮಾಡುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ. ಕೂತವರನ್ನು ನಿಂತುಕೊಂಡು ತೆಗೆದರೆ ಅವರು ಕುಗ್ಗಿದಂತೆ ಕಾಣುತ್ತಾರೆ. ಅಮ್ಮ ಕುರ್ಚಿಯಲ್ಲಿದ್ದರೆ ನೀವು ಮಂಡಿಯೂರಿ. ಅಮ್ಮನ ಮುಂದೆ ಮಂಡಿಯೂರುವುದಕ್ಕೆ ನಾಚಿಕೆ ಯಾಕೆ?

ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲಿರಲಿ. ಅಪರ್ಚರನ್ನು ಎಫ್ 1.8ಕ್ಕೆ ತೆರೆದರೆ ಹಿನ್ನೆಲೆ ಚೆನ್ನಾಗಿ ಮಸುಕಾಗುತ್ತದೆ ನಿಜ, ಆದರೆ ಆಚೆ ಕಣ್ಣೂ ಮಸುಕಾದೀತು. ಎಫ್ 2.8ರಿಂದ 4ರ ನಡುವೆ ಕ್ಷೇಮ. ಶಟರ್ ವೇಗ 1/125 ಸೆಕೆಂಡಿಗಿಂತ ನಿಧಾನವಾಗದಿರಲಿ. ಅದಕ್ಕಾಗಿ ಐಎಸ್‌ಓ 800 ಆದರೂ ಚಿಂತೆಯಿಲ್ಲ. ಕಣ್ಣಿನಲ್ಲಿ ಕಿಟಕಿಯ ಬೆಳಕಿನ ಒಂದು ಸಣ್ಣ ಮಿಂಚು ಕಾಣುತ್ತಿದೆಯೇ ನೋಡಿ. ಆ ಮಿಂಚಿದ್ದರೆ ಮುಖಕ್ಕೆ ಜೀವ. ಇಲ್ಲದಿದ್ದರೆ ಗದ್ದವನ್ನು ತುಸು ಮೇಲೆತ್ತಿಸಿ.

ಬಿಳಿ ಪಂಚೆ, ಜರಿ ಸೀರೆ, ನಮ್ಮ ಬಣ್ಣ

ಕ್ಯಾಮೆರಾದ ಮೀಟರು ಒಂದು ಮುಗ್ಧ ಪ್ರಾಣಿ. ಜಗತ್ತೆಲ್ಲ ಸರಾಸರಿ ಬೂದು ಬಣ್ಣದ್ದು ಎಂದು ಅದು ನಂಬಿದೆ. ಅಪ್ಪ ಬಿಳಿ ಜುಬ್ಬಾ, ಬಿಳಿ ಪಂಚೆ ಉಟ್ಟು ಬಿಳಿ ಗೋಡೆಯ ಮುಂದೆ ಕೂತರೆ "ಅಯ್ಯೋ, ಬೆಳಕು ಜಾಸ್ತಿಯಾಯಿತು" ಎಂದು ಅದು ಎಲ್ಲವನ್ನೂ ಮಂಕು ಮಾಡುತ್ತದೆ. ಬಟ್ಟೆ ಬೂದಿಯಾಗುತ್ತದೆ, ಮುಖ ಕಪ್ಪಾಗುತ್ತದೆ. ಕಪ್ಪು ಕೋಟು ತೊಟ್ಟವರಿಗೆ ಇದರ ವಿರುದ್ಧ. ಆದ್ದರಿಂದ ಬಿಳಿ ಉಡುಪಿಗೆ ಎಕ್ಸ್‌ಪೋಶರನ್ನು ಅರ್ಧದಿಂದ ಒಂದು ಅಂಕ ಏರಿಸಿ, ಕಪ್ಪಿಗೆ ಅಷ್ಟೇ ಇಳಿಸಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಒತ್ತಿ, ಬರುವ ಸೂರ್ಯನ ಚಿಹ್ನೆಯನ್ನು ಮೇಲೆ ಕೆಳಗೆ ಸರಿಸಿದರಾಯಿತು.

ನಮ್ಮ ಮೈಬಣ್ಣದ ಬಗ್ಗೆಯೂ ಒಂದು ಮಾತು. ಹಿಂದೆ ಕೊಡಾಕ್ ಕಂಪನಿ ಬಣ್ಣದ ಪ್ರಿಂಟುಗಳನ್ನು ಹದಗೊಳಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರಗಳಲ್ಲಿ ಬಹುಕಾಲ ಇದ್ದದ್ದು ಬಿಳಿ ಮೈಬಣ್ಣದ ಮಹಿಳೆಯರು. ಅವುಗಳಿಗೆ 'ಶರ್ಲಿ ಕಾರ್ಡ್' ಎಂದೇ ಹೆಸರು. ಕಂದು, ಕಪ್ಪು ಮೈಬಣ್ಣ ಸರಿಯಾಗಿ ಬರದಿದ್ದರೆ ಅದು ಆ ಮೈಬಣ್ಣದ ದೋಷವಲ್ಲ. ಈಗಿನ ಕ್ಯಾಮೆರಾಗಳು ಎಷ್ಟೋ ಸುಧಾರಿಸಿವೆ. ಆದರೂ ಕೆಲವರು ಫೋಟೋದಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡುವ ಫಿಲ್ಟರು ಹಚ್ಚುತ್ತಾರೆ. ದಯವಿಟ್ಟು ಬೇಡ. ಪಕ್ಕದಿಂದ ಬೀಳುವ ಮೃದು ಬೆಳಕಿನಲ್ಲಿ ಎಣ್ಣೆಗಪ್ಪು ಮುಖ ಹೊಳೆಯುವ ಚೆಂದವೇ ಬೇರೆ. ಅಮ್ಮನ ಸುಕ್ಕುಗಳನ್ನೂ ಅಳಿಸಬೇಡಿ. ಅವು ನಮ್ಮಿಂದಲೇ ಬಂದವು!

ಮೈಸೂರು ಸಿಲ್ಕಿನ ಜರಿ, ಮೂಗುಬೊಟ್ಟು, ಬೆವರಿದ ಹಣೆ ಇವೆಲ್ಲ ಎದುರಿನ ಫ್ಲ್ಯಾಶಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತವೆ. ಫ್ಲ್ಯಾಶನ್ನು ಚಾವಣಿಯ ಕಡೆ ತಿರುಗಿಸಲು ಬಂದರೆ ತಿರುಗಿಸಿ, ಇಲ್ಲವೇ ಆರಿಸಿ. ಕನ್ನಡಕ ಹಾಕುವವರಾದರೆ ಕಿಟಕಿ ಅದರಲ್ಲಿ ಪ್ರತಿಬಿಂಬಿಸುತ್ತದೆ. ಕಿವಿಯ ಮೇಲಿನ ಕಡ್ಡಿಗಳನ್ನು ಒಂದಿಷ್ಟು ಮೇಲೆತ್ತಿದರೆ ಗಾಜು ತುಸು ಕೆಳಕ್ಕೆ ಬಾಗಿ ಹೊಳಪು ಮಾಯವಾಗುತ್ತದೆ. ಮೂವತ್ತು ವರ್ಷ ಕನ್ನಡಕ ಹಾಕಿದವರ ಕನ್ನಡಕ ತೆಗೆಸಬೇಡಿ, ಮುಖವೇ ಬೇರೆಯವರದಾಗಿಬಿಡುತ್ತದೆ.

ಬೇಸಿಗೆಯಲ್ಲಿ ಮತ್ತೊಂದು ಗಲ್ಫ್ ಸಮಸ್ಯೆ. ಎ.ಸಿ. ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ತೇವದ ಗಾಳಿಗೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬಟ್ಟೆಯಿಂದ ಒರೆಸುತ್ತಾ ಕೂರಬೇಡಿ. ಕ್ಯಾಮೆರಾವನ್ನು ಬ್ಯಾಗಿನಲ್ಲಿ ಮುಚ್ಚಿಟ್ಟೇ ಹೊರಗೆ ತಂದು ಅರ್ಧ ಗಂಟೆ ಬಿಡಿ, ತಾನೇ ಹೊಂದಿಕೊಳ್ಳುತ್ತದೆ. ಧೂಳಿನ ಗಾಳಿ ಇದ್ದಾಗ ಹೊರಗೆ ಲೆನ್ಸು ಬದಲಿಸಲೇಬೇಡಿ. ಹಾಗೆಯೇ ಇಲ್ಲಿನ ಮರ್ಯಾದೆಯನ್ನೂ ಮರೆಯಬಾರದು. ಇತರರ ಖಾಸಗಿತನಕ್ಕೆ ಧಕ್ಕೆಯಾಗುವಂತೆ, ಒಪ್ಪಿಗೆಯಿಲ್ಲದೆ ಅವರ ಫೋಟೋ ತೆಗೆಯುವುದು, ಹಂಚುವುದು ಕತಾರಿನಲ್ಲಿ ಕಾನೂನಿಗೆ ವಿರುದ್ಧ. ಪಾರ್ಕಿನಲ್ಲಿ ಬೇರೆ ಕುಟುಂಬಗಳು ಫ್ರೇಮಿನೊಳಗೆ ಬಾರದಂತೆ ನೋಡಿಕೊಳ್ಳಿ.

ಮಾತಾಡಿಸಿ, ಆಮೇಲೆ ತೆಗೆಯಿರಿ

ಇಷ್ಟೆಲ್ಲ ಸಿದ್ಧ ಮಾಡಿ ನಾನು ಕ್ಯಾಮೆರಾ ಎತ್ತಿದ ಕೂಡಲೇ ಅಮ್ಮ ಸೆಟೆದು ಕೂತರು. ಕೈ ಮಂಡಿಯ ಮೇಲೆ, ತುಟಿ ಬಿಗಿ, ಉಸಿರೂ ಬಿಗಿ. ಅವರ ಕಾಲದಲ್ಲಿ ಫೋಟೋ ಎಂದರೆ ತಿಪಟೂರಿನ ಸ್ಟುಡಿಯೋಕ್ಕೆ ಬಸ್ಸಿನಲ್ಲಿ ಹೋಗಿ, ಬಣ್ಣದ ಪರದೆಯ ಮುಂದೆ ನಿಂತು, ಅಲುಗಾಡಬೇಡಿ ಎಂದು ಗದರಿಸಿಕೊಂಡು ತೆಗೆಸುವಂಥದ್ದು. ಆ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಯೂಸುಫ್ ಕಾರ್ಶ್ ಎಂಬ ಪ್ರಸಿದ್ಧ ಛಾಯಾಗ್ರಾಹಕ 1941ರ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ ಚರ್ಚಿಲ್ ಅವರ ಫೋಟೋ ತೆಗೆಯುವಾಗ ಅವರ ಬಾಯಲ್ಲಿದ್ದ ಸಿಗಾರನ್ನೇ ಕಿತ್ತುಕೊಂಡರಂತೆ. ಆ ಕ್ಷಣದ ಸಿಡುಕು ಮುಖವೇ ಲೋಕಪ್ರಸಿದ್ಧ ಚಿತ್ರವಾಯಿತು. ನಾವು ಅಮ್ಮನ ಕೈಯಿಂದ ಏನನ್ನೂ ಕಿತ್ತುಕೊಳ್ಳುವುದು ಬೇಡ, ಬದಲಿಗೆ ಏನಾದರೂ ಕೊಡೋಣ. ನಾನು ಕೊಟ್ಟದ್ದು ಒಂದು ಬಟ್ಟಲು ಮಲ್ಲಿಗೆ ಹೂವು, ಒಂದಿಷ್ಟು ದಾರ.

"ಏನೋ ಇದು, ಫೋಟೋ ತೆಗೀತೀನಿ ಅಂತ ಕೂರಿಸಿ ಹೂ ಕಟ್ಟು ಅಂತೀಯ?" ಎಂದರು.

"ಕಟ್ತಾ ಇರಮ್ಮ. ಅಪ್ಪ ಮದುವೆಯಾದ ಹೊಸದರಲ್ಲಿ ನಿನ್ನನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿ ಟಿಕೆಟ್ ಸಿಗದೆ ವಾಪಸ್ ಬಂದ್ರಂತಲ್ಲ, ಅದು ಯಾವ ಸಿನಿಮಾ?"

ಕೈ ಹೂವಿನಲ್ಲಿತ್ತು, ಮನಸ್ಸು ತಿಪಟೂರಿಗೆ ಹೋಯಿತು. ಸಿನಿಮಾದ ಹೆಸರು ಅವರಿಗೂ ನೆನಪಾಗಲಿಲ್ಲ. "ಟಿಕೆಟ್ ಸಿಕ್ಕಿದ್ರೆ ತಾನೇ ಹೆಸರು ನೆನಪಿರೋದು!" ಎಂದು ತಲೆಯೆತ್ತಿ ನಕ್ಕರು. ಆ ನಗುವಿನ ಹಿಂದೆಯೇ ಒಂದು ಮೌನ ಬಂತು. ಕಿಟಕಿಯ ಕಡೆ ನೋಡಿದರು. ನಾನು ಬಟನ್ ಒತ್ತಿದ್ದು ನಗುವಾಗ ಅಲ್ಲ, ಆ ಮೌನದಲ್ಲಿ. ಒಟ್ಟು ನಲವತ್ತು ಫೋಟೋ ತೆಗೆದಿದ್ದೆ. ಉಳಿಸಿಕೊಂಡದ್ದು ಅದೊಂದೇ.

ಸಲಹೆ ಇಷ್ಟೇ: "ಸ್ಮೈಲ್ ಪ್ಲೀಸ್" ಎನ್ನಬೇಡಿ. ಅವರಿಗೆ ಇಷ್ಟವಾದ ಕೆಲಸ ಕೊಡಿ, ಇಷ್ಟವಾದ ಮಾತು ಕೇಳಿ. ಎಲೆ ಅಡಿಕೆ ಆಗಬಹುದು, ಪೇಪರ್ ಓದುವುದಾಗಬಹುದು, ಮೊಮ್ಮಗಳ ಜಡೆ ಹೆಣೆಯುವುದಾಗಬಹುದು. ಮಾತು ಮುಗಿದ ಮೇಲಿನ ಎರಡು ಸೆಕೆಂಡು ಕಾದು ನೋಡಿ.

ಪ್ರಿಂಟ್ ಹಾಕಿಸಿ

ತೆಗೆದ ಫೋಟೋ ಮೊಬೈಲಿನಲ್ಲೇ ಉಳಿದರೆ ಇಲ್ಲದಂತೆಯೇ ಸರಿ. 8x10 ಇಂಚಿನ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಚುಕ್ಕಿಯಂತೆ 2400x3000, ಅಂದರೆ ಸುಮಾರು 72 ಲಕ್ಷ ಚುಕ್ಕಿಗಳು ಬೇಕು. ಈಗಿನ ಮೊಬೈಲುಗಳಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗಿಬಿಡುತ್ತದೆ. ಊರಿಗೆ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಕುಟುಂಬವನ್ನು ಊರಲ್ಲಿ ಬಿಟ್ಟು ಇಲ್ಲಿ ಒಬ್ಬರೇ ದುಡಿಯುತ್ತಿರುವ ಗೆಳೆಯರಿಗೂ ಒಂದು ಮಾತು. ನೀವು ಟವರುಗಳ ಮುಂದೆ, ಯಾರದೋ ಲ್ಯಾಂಡ್ ಕ್ರೂಸರಿನ ಮುಂದೆ ನಿಂತು ಫೋಟೋ ಕಳಿಸುತ್ತೀರಿ. ಊರಿನಲ್ಲಿ ಅಮ್ಮ, ಹೆಂಡತಿ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದು ಟವರನ್ನಲ್ಲ, ನಿಮ್ಮ ಮುಖವನ್ನು. ಸೊರಗಿದ್ದೀರಾ, ಸರಿಯಾಗಿ ಉಣ್ಣುತ್ತಿದ್ದೀರಾ ಎಂದು. ರೂಮಿನ ಕಿಟಕಿಯ ಪಕ್ಕ ಕೂತು, ರೂಮ್‌ಮೇಟ್ ಕೈಯಲ್ಲಿ ಒಂದು ಒಳ್ಳೆಯ ಫೋಟೋ ತೆಗೆಸಿ ಕಳಿಸಿ.

ಈ ರಾಜ್ಯೋತ್ಸವದ ಸಂಜೆ ಸಭಾಂಗಣದಲ್ಲಿ ಸಾವಿರಾರು ಫೋಟೋಗಳು ಬೀಳುತ್ತವೆ. ವೇದಿಕೆ, ನೃತ್ಯ, ಹಾರ ತುರಾಯಿ ಎಲ್ಲವೂ ಇರಲಿ. ಊರಿನಿಂದ ಬಂದು ಮೂರನೆಯ ಸಾಲಿನಲ್ಲಿ ಸುಮ್ಮನೆ ಕೂತಿರುವ ಅಪ್ಪ ಅಮ್ಮಂದಿರನ್ನು ಮಾತ್ರ ಮರೆಯಬೇಡಿ. ಮರುದಿನ ಬೆಳಗ್ಗೆ, ಕಾಫಿ ಕುಡಿದ ಮೇಲೆ, ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ ಎಳೆಯಿರಿ.

ಅಮ್ಮನ ಆ ಫೋಟೋ ಈಗ ನಮ್ಮ ದೋಹಾದ ಮನೆಯ ಗೋಡೆಯ ಮೇಲಿದೆ. ಹಾರ ಹಾಕಿಲ್ಲ. ಅಮ್ಮ ಊರಿನಲ್ಲಿ ಆರಾಮವಾಗಿದ್ದಾರೆ. ಪ್ರತಿ ವಾರ ಫೋನಿನಲ್ಲಿ "ಆ ಹೂ ಕಟ್ಟೋ ಫೋಟೋ ಇನ್ನೊಂದು ಪ್ರಿಂಟ್ ಹಾಕಿಸಿ ಕಳ್ಸೋ, ಅಕ್ಕನ ಮನೆಗೆ ಬೇಕಂತೆ" ಎಂದು ಜ್ಞಾಪಿಸುತ್ತಾರೆ.